ಮನೆ ಬಿಟ್ಟು ಹೊರಡಲಾಗದವರು

ಯಾದಗಿರಿ, ಶಹಾಪುರ, ಸುರಪುರದ ಕಡೆ ಹಾಸಿಗೆ ಹಿಡಿದವರಿರುವ ಮನೆಗೆ ಮಾತಾಡಿಸಲು ಬಂದವರು ಮೊದಲು ಕೇಳುವುದು ‘ಈಗ ಹ್ಯಾಂಗದಾರ್ರಿ?’ ಎಂದು. ಕೇಳಿದ್ದು ಮಲಗಿದವರ ಬಗ್ಗೆ. ಲಕ್ವಾ ಹೊಡೆದು ಒಂದು ಕೈ ಒಂದು ಕಾಲು ಬಿದ್ದುಹೋದ ಮಾವನನ್ನು ಎತ್ತಿ ಕೂರಿಸಿ, ಉಣಿಸಿ, ಬಟ್ಟೆ ಬದಲಿಸಿ, ನಡುರಾತ್ರಿ ಎದ್ದು ಮಗ್ಗುಲು ಹೊರಳಿಸುವ ಸೊಸೆ ಹೇಗಿದ್ದಾಳೆ ಎಂದು ಕೇಳುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಸರ್ಕಾರದ ಕಡತಗಳೂ ಇದೇ ರೂಢಿಯಲ್ಲಿ ನಡೆಯುತ್ತವೆ. ವಿಕಲಚೇತನರ ಮಾಸಾಶನ, ಹಿರಿಯರ ‘ಸಂಧ್ಯಾ ಸುರಕ್ಷಾ’ ಪಿಂಚಣಿ, ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡ್, ಆರೋಗ್ಯ ವಿಮೆ, ಎಲ್ಲದರಲ್ಲೂ ಹೆಸರು ಮಲಗಿದವರದು. ಆ ಹೆಸರು ಅಲ್ಲಿರಲೇಬೇಕು. ಆದರೆ ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲುವವರು, ಆಸ್ಪತ್ರೆಗೆ ಹೊತ್ತೊಯ್ಯುವವರು, ಮಾತ್ರೆಯ ಹೊತ್ತು ನೆನಪಿಡುವವರು ಬೇರೆ. ಈ ಯಾವುದರಲ್ಲೂ ಅವರ ಹೆಸರಿಲ್ಲ. ಆರೈಕೆ ಮಾಡುವವರ ಕಷ್ಟಗಳಲ್ಲೆಲ್ಲ ಮೂಲವಾದದ್ದು ಅವರು ಮನೆ ಬಿಟ್ಟು ಹೊರಡಲಾರರು ಎಂಬುದು. ಹೊರಟು ಬಂದವರಿಗೆ ಮಾತ್ರ ಸಿಗುವ ನೆರವು ಅವರ ಪಾಲಿಗೆ ಇಲ್ಲದಂತೆಯೇ. ಆದ್ದರಿಂದ ನೆರವು ಅವರನ್ನು ಹುಡುಕಿಕೊಂಡು ಹೊಸ್ತಿಲಿಗೆ ಬರಬೇಕು, ಮತ್ತು ಹಾಗೆ ತರುವ ಜವಾಬ್ದಾರಿಯನ್ನು ಗ್ರಾಮ ಪಂಚಾಯಿತಿ ಹೊರಬೇಕು ಎಂಬುದು ನನ್ನ ವಾದ.

ಈ ಮಾತು ಎಲ್ಲ ಊರಿಗೂ ಸಲ್ಲುತ್ತದೆ, ನಿಜ. ಆದರೂ ಈ ಮೂರು ತಾಲ್ಲೂಕುಗಳಲ್ಲಿ ಅದಕ್ಕೆ ಹೆಚ್ಚಿನ ಭಾರವಿದೆ. ಕಲಬುರಗಿಯಿಂದ 2009ರಲ್ಲಿ ಬೇರೆಯಾದ ಯಾದಗಿರಿ ಜಿಲ್ಲೆ ಹುಟ್ಟಿದ್ದೇ ಈ ಮೂರು ತಾಲ್ಲೂಕುಗಳಿಂದ; ಗುರುಮಠಕಲ್, ಹುಣಸಗಿ, ವಡಗೇರಾ ಆಮೇಲೆ ಒಡೆದವು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 11.74 ಲಕ್ಷ, ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹಳ್ಳಿಯವರು, ಸಾಕ್ಷರತೆ ಶೇ 51.83. ಆಗ ರಾಜ್ಯದಲ್ಲೇ ಕಡಿಮೆ ಅದು. ಓದು ಬಲ್ಲ ಹೆಂಗಸರಂತೂ ನೂರಕ್ಕೆ ನಲವತ್ತೊಂದರ ಆಸುಪಾಸು. ನಾರಾಯಣಪುರದ ಕಾಲುವೆ ನೀರು ಮುಟ್ಟಿದ ಶಹಾಪುರ, ಸುರಪುರದ ಹೊಲಗಳಲ್ಲಿ ಭತ್ತ, ಹತ್ತಿ ಬೆಳೆಯುತ್ತದೆ. ನೀರು ಮುಟ್ಟದ ಊರು, ತಾಂಡಾಗಳಿಂದ ಜನ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ದುಡಿಯುವ ವಯಸ್ಸಿನವರು ಹೊರಟ ಮೇಲೆ ಊರಲ್ಲಿ ಉಳಿಯುವವರು ಮುದುಕರು, ಮಕ್ಕಳು, ಕಾಯಿಲೆಯವರು. ಅಲ್ಲಿ ಆರೈಕೆ ಮಾಡುವವಳು ಎಂದರೆ ತನಗೇ ಮಂಡಿನೋವಿರುವ ಅರವತ್ತು ದಾಟಿದ ಅಜ್ಜಿ, ಇಲ್ಲವೆ ಶಾಲೆ ತಪ್ಪಿಸಿ ಕುಳಿತ ಮೊಮ್ಮಗಳು. ಯಾರೂ ಉಳಿಯುವಂತಿಲ್ಲದಿದ್ದರೆ ಗಂಡಹೆಂಡಿರಲ್ಲಿ ಒಬ್ಬರು ಗುಳೆ ಬಿಡಬೇಕು, ಅಂದರೆ ಆ ವರ್ಷದ ದುಡಿಮೆಯಲ್ಲಿ ಅರ್ಧ ಬಿಡಬೇಕು. ‘ಮನಿಗೆ ಒಂದ್ ಕೈ ಬೇಕು’ ಎಂದು ಹುಡುಗನಿಗೆ ಬೇಗ ಮದುವೆ ಮಾಡುವ ಮಾತು ಈ ಕಡೆ ಹೊಸದಲ್ಲ. ಆ ‘ಕೈ’ ಯಾರದು, ಅದಕ್ಕೆ ವಯಸ್ಸೆಷ್ಟು ಎಂದು ಕೇಳಿದರೆ ಆರೈಕೆಯ ಪ್ರಶ್ನೆ ಹೆಣ್ಣುಮಕ್ಕಳ ಓದಿನ ಪ್ರಶ್ನೆಯೂ ಹೌದು ಎಂಬುದು ಕಾಣುತ್ತದೆ.

ನೆರವು ಇಲ್ಲವೇ ಇಲ್ಲ ಎಂದು ಹೇಳಿದರೆ ಅನ್ಯಾಯವಾಗುತ್ತದೆ. ಇದೆ, ಆದರೆ ಹತ್ತು ಬಾಗಿಲುಗಳ ಹಿಂದೆ ಹಂಚಿಹೋಗಿದೆ. ಬುದ್ಧಿಮಾಂದ್ಯತೆ ಇರುವ ಒಬ್ಬ ಮಗನಿಗೆ ಹದಿನೆಂಟು ತುಂಬಿತು ಎಂದಿಟ್ಟುಕೊಳ್ಳೋಣ. ಅವನ ಯುಡಿಐಡಿ ಕಾರ್ಡಿಗೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಮಾಸಾಶನಕ್ಕೆ ನಾಡಕಚೇರಿ. ಸಾಧನ ಸಲಕರಣೆಗೆ ಜಿಲ್ಲಾ ಕೇಂದ್ರದ ವಿಕಲಚೇತನರ ಇಲಾಖೆ. ಮಾನಸಿಕ ತೊಂದರೆಯೂ ಇದ್ದರೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರು. ಒಂದು ಲಕ್ಷ ರೂಪಾಯಿವರೆಗಿನ ‘ನಿರಾಮಯ’ ವಿಮೆಗೆ ಇನ್ನೊಂದು ಅರ್ಜಿ. ಇದಕ್ಕಿಂತ ಮುಖ್ಯವಾದದ್ದು, ಹದಿನೆಂಟು ದಾಟಿದ ಮೇಲೆ ಹೆತ್ತವರು ತಾವಾಗಿಯೇ ಅವನ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿಗಳು ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ಹೊಲ, ಬ್ಯಾಂಕ್ ಖಾತೆ, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಇವೆಲ್ಲ ಆ ಕಾಗದದ ಮೇಲೆ ನಿಂತಿವೆ. ತಾವು ತೀರಿಕೊಂಡ ಮೇಲೆ ಮಗನ ಗತಿಯೇನು ಎಂದು ನಿದ್ದೆಗೆಡುವ ತಾಯಿತಂದೆಗೆ ನೇರವಾಗಿ ಉತ್ತರ ಕೊಡಬಲ್ಲ ವ್ಯವಸ್ಥೆ ಇದು. ಹಳ್ಳಿಯ ಕಟ್ಟೆಯ ಮೇಲೆ ಈ ಸಮಿತಿಯ ಹೆಸರು ಕೇಳಿಬರುವುದಿಲ್ಲ.

ಈಗ ಲೆಕ್ಕ ಹಾಕಿ ನೋಡಬೇಕು. ಸುರಪುರದಿಂದ ಯಾದಗಿರಿಗೆ ಐವತ್ತು ಕಿಲೋಮೀಟರಿನಷ್ಟು ದಾರಿ. ಶಹಾಪುರ, ಸುರಪುರಕ್ಕೆ ರೈಲಿಲ್ಲ. ಹೆಂಗಸರಿಗೆ ಬಸ್ ಟಿಕೆಟ್ ಉಚಿತವಾದದ್ದು ದೊಡ್ಡ ಉಪಕಾರವೇ. ಆದರೆ ಅದು ದುಡ್ಡು ಉಳಿಸಿತು, ದಿನ ಉಳಿಸಲಿಲ್ಲ. ನಡೆಯಲಾಗದ ಮಗನನ್ನು ಕರೆದೊಯ್ಯಲು ಒಬ್ಬರು, ಮನೆಯಲ್ಲಿ ಮುದುಕರನ್ನು ನೋಡಿಕೊಳ್ಳಲು ಇನ್ನೊಬ್ಬರು ಕೂಲಿ ಬಿಡಬೇಕು. 2025-26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ ಕರ್ನಾಟಕದಲ್ಲಿ 370 ರೂಪಾಯಿ ಇತ್ತು. ಅದನ್ನೇ ಅಳತೆಗೋಲು ಮಾಡಿಕೊಂಡರೂ ಇಬ್ಬರ ಒಂದು ದಿನಕ್ಕೆ 740. ‘ಸರ್ವರ್ ಇಲ್ಲ, ಮುಂದಿನ ವಾರ ಬರ್ರಿ’ ಎಂಬ ಮಾತಿನಿಂದ ಎರಡನೆಯ ದಿನವೂ ಹೋದರೆ 1,480. ಗಾಡಿಯ ಬಾಡಿಗೆ ಇದರಲ್ಲಿ ಸೇರಿಲ್ಲ. ಬರಲಿರುವ ತಿಂಗಳ ಮಾಸಾಶನ ಕೈಗೆ ಸಿಗುವ ಮೊದಲೇ ಖರ್ಚಾಗಿರುತ್ತದೆ. ಒಂದೆರಡು ಸಲ ಓಡಾಡಿ ಕೈಬಿಟ್ಟವರನ್ನು ನಾವು ತಿಳಿವಳಿಕೆ ಇಲ್ಲದವರೆಂದು ಕರೆಯುತ್ತೇವೆ. ಅವರು ಲೆಕ್ಕ ಮಾಡಿಯೇ ಕೈಬಿಟ್ಟಿದ್ದಾರೆ, ಮತ್ತು ಅವರ ಲೆಕ್ಕ ಸರಿಯಾಗಿಯೇ ಇದೆ.

ಕಾನೂನು ಆರೈಕೆ ಮಾಡುವವರನ್ನು ಪೂರ್ತಿ ಮರೆತಿದೆ ಎನ್ನುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆರೈಕೆದಾರರೆಂದರೆ ಯಾರು ಎಂದು ವಿವರಿಸುವಾಗ ಸಂಬಳ ಪಡೆಯದ ತಾಯಿತಂದೆ, ಮನೆಮಂದಿಯನ್ನು ಹೆಸರಿಸಿಯೇ ಸೇರಿಸಿದೆ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಯೋಜನೆ ರೂಪಿಸಬೇಕೆಂದೂ ಅದರ 24ನೇ ಕಲಮು ಹೇಳುತ್ತದೆ, ಆದರೆ ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಮಾತು ಜೊತೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ಆರೈಕೆದಾರರಿಗೆ ಒಂದು ವ್ಯಾಖ್ಯೆ ಇದೆ. ಕರ್ನಾಟಕ ಸರ್ಕಾರ 2024-25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಪ್ರಕಟಿಸಿತು. ದುಡ್ಡು ಸಣ್ಣದು; ಆದರೂ ಆರೈಕೆ ಮಾಡುವವರನ್ನೇ ಫಲಾನುಭವಿಯೆಂದು ಕರೆದದ್ದು ದೊಡ್ಡ ಹೆಜ್ಜೆ, ಅದನ್ನು ಮನಸಾರೆ ಒಪ್ಪಬೇಕು. ತೊಡಕಿರುವುದು ಕಾಯಿಲೆಯ ಹೆಸರು ಹಿಡಿದು ಪಟ್ಟಿ ಮಾಡಿದ್ದರಲ್ಲಿ. ನಮ್ಮ ಹಳ್ಳಿಗಳಲ್ಲಿ ಮನೆಮಂದಿಯನ್ನು ಕಟ್ಟಿಹಾಕುವ ಲಕ್ವಾ ಆ ನಾಲ್ಕರಲ್ಲಿಲ್ಲ. ಮುಪ್ಪಿನ ಮರೆವು ಇಲ್ಲ. ಕಟ್ಟಡದ ಕೆಲಸದಲ್ಲಿ ಮೇಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಬಿದ್ದವರಿಲ್ಲ. ನೋಡಿಕೊಳ್ಳುವವಳಿಗೆ ಕಾಯಿಲೆ ಯಾವುದಾದರೂ ಒಂದೇ. ಮಲಗಿದವರು ತಾವಾಗಿ ಎದ್ದು ಉಣ್ಣಬಲ್ಲರೇ, ಮೂತ್ರಕ್ಕೆ ಹೋಗಬಲ್ಲರೇ, ಒಂದು ಗಂಟೆ ಒಬ್ಬರೇ ಇರಬಲ್ಲರೇ ಎಂಬುದರ ಮೇಲೆ ಅವಳ ದಿನ ನಿಂತಿದೆ. ಕೇರಳದ ‘ಆಶ್ವಾಸಕಿರಣಂ’ ಯೋಜನೆ ಕೊಡುವುದು ತಿಂಗಳಿಗೆ 600 ರೂಪಾಯಿ, ಕರ್ನಾಟಕಕ್ಕಿಂತ ಕಡಿಮೆ. ಆದರೆ ಅದು ಹಾಸಿಗೆ ಹಿಡಿದವರಿಗೆ ಪೂರ್ಣಾವಧಿ ಆರೈಕೆ ಬೇಕೇ ಎಂಬುದನ್ನು ನೋಡುತ್ತದೆ. ಅಳೆಯಬೇಕಾದದ್ದನ್ನು ಅದು ಅಳೆಯುತ್ತಿದೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ಹಗುರವಾದದ್ದಲ್ಲ. ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮ. ಅದಕ್ಕೆ ಸರ್ಕಾರ ದುಡ್ಡು ಕೊಟ್ಟರೆ ಕರುಳಿನ ಸಂಬಂಧ ಕೂಲಿಯ ಲೆಕ್ಕಕ್ಕೆ ಇಳಿಯುತ್ತದೆ ಎಂಬುದು. ಧರ್ಮವೆಂಬುದನ್ನು ನಾನೂ ಒಪ್ಪುತ್ತೇನೆ. ಆ ಧರ್ಮವನ್ನು ನಡೆಸುತ್ತಿರುವವರು ಯಾರು ಎಂದು ನೋಡೋಣ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರೆ ಗಂಡಸರಲ್ಲಿ ಶೇ 21.4; ತೊಡಗಿದವರು ದಿನಕ್ಕೆ ಕಳೆಯುವ ಹೊತ್ತೂ ಹೆಂಗಸರದು ಎರಡು ಗಂಟೆ ದಾಟಿದರೆ ಗಂಡಸರದು ಒಂದೂಕಾಲು ಗಂಟೆಯ ಹತ್ತಿರ. ಮಕ್ಕಳ ಲಾಲನೆಯೂ ಇದರಲ್ಲಿ ಸೇರಿದೆ, ಆದರೂ ಭಾರ ಎತ್ತ ವಾಲಿದೆ ಎಂಬುದು ಸ್ಪಷ್ಟ. ಮಗನ ಧರ್ಮವೆಂದು ನಾವು ಹೊಗಳುವುದನ್ನು ಸೊಸೆ ಮಾಡುತ್ತಿರುತ್ತಾಳೆ. ಇನ್ನು, ಈ ಧರ್ಮವನ್ನು ಸರ್ಕಾರ ಈಗಾಗಲೇ ಕಾನೂನಾಗಿಸಿದೆ. 2007ರ ಪಾಲಕರ ಪೋಷಣೆ ಮತ್ತು ಹಿರಿಯ ನಾಗರಿಕರ ಕಲ್ಯಾಣ ಕಾಯ್ದೆಯಡಿ ಮಕ್ಕಳಿಂದ ಜೀವನಾಂಶ ಕೇಳಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಬಹುದು; ಹಿರಿಯರನ್ನು ತೊರೆದರೆ ಮೂರು ತಿಂಗಳವರೆಗೆ ಸೆರೆ, ಐದು ಸಾವಿರದವರೆಗೆ ದಂಡ. ತಪ್ಪಿದವರಿಗೆ ಶಿಕ್ಷೆ ಕೊಡಲು ಮನೆಯೊಳಗೆ ಬರಬಲ್ಲ ಸರ್ಕಾರ, ತಪ್ಪದೆ ನಡೆಸುತ್ತಿರುವವರಿಗೆ ಕೈ ಕೊಡಲು ಬಂದರೆ ಮಾತ್ರ ಸಂಬಂಧ ಕೆಡುತ್ತದೆಯೇ? ಇದೇ ತರ್ಕ ಬೇರೆಡೆಯೂ ನಡೆದಿತ್ತು. ಬ್ರಿಟನ್ 1976ರಲ್ಲಿ ಆರೈಕೆದಾರರ ಭತ್ಯೆ ತಂದಾಗ ಮದುವೆಯಾದ ಹೆಂಗಸರನ್ನು ಹೊರಗಿಟ್ಟಿತು. ಅವರು ಹೇಗೂ ಮನೆಯಲ್ಲೇ ಇರುವವರು ಎಂಬುದು ಅದರ ಎಣಿಕೆ. ತಾಯಿಯ ಆರೈಕೆಗೆಂದು ಕೆಲಸ ಬಿಟ್ಟ ಜಾಕ್ವೆಲಿನ್ ಡ್ರೇಕ್ ಎಂಬ ಮಹಿಳೆಯ ಮೊಕದ್ದಮೆ ಯುರೋಪಿನ ನ್ಯಾಯಾಲಯದವರೆಗೆ ಹೋಗಿ, 1986ರಲ್ಲಿ ಆ ನಿಯಮ ಬಿದ್ದಿತು. ಹೇಗೂ ಮನೆಯಲ್ಲೇ ಇರುತ್ತಾಳಲ್ಲ ಎಂಬ ಮಾತು ನಮ್ಮಲ್ಲಿ ಇನ್ನೂ ಬಿದ್ದಿಲ್ಲ.

ನೆರೆಹೊರೆಯವರು ಇದ್ದಾರಲ್ಲ ಎಂಬುದು ಇನ್ನೊಂದು ಮಾತು. ಇದ್ದಾರೆ. ಬಾಜೂ ಮನೆಯವರು ಒಂದು ತಾಸು ಬಂದು ಕೂರುವ ಔದಾರ್ಯ ಈ ಸೀಮೆಯಲ್ಲಿ ಬತ್ತಿಲ್ಲ. ಹೊಲದ ಕೆಲಸದಲ್ಲಿ ಮುಯ್ಯಾಳಿನ ಲೆಕ್ಕ ಬಲ್ಲ ಜನರಿಗೆ ಒಬ್ಬರ ಭಾರಕ್ಕೆ ಇನ್ನೊಬ್ಬರು ಹೆಗಲು ಕೊಡುವುದು ಕಲಿಸಬೇಕಾದ ಪಾಠವಲ್ಲ. ಆದರೆ ಈ ಆಸರೆ ಬೇಕೇಬೇಕಾದ ಕಾಲಕ್ಕೆ ಸಿಗುವುದಿಲ್ಲ. ಹತ್ತಿ ಬಿಡಿಸುವ ಹಂಗಾಮಿನಲ್ಲಿ, ಭತ್ತದ ನಾಟಿಯಲ್ಲಿ ಓಣಿಗೆ ಓಣಿಯೇ ಬೆಳಗ್ಗೆ ಹೊಲ ಸೇರಿರುತ್ತದೆ. ಕೂಲಿ ಚೆನ್ನಾಗಿ ಸಿಗುವ ಆ ಕೆಲವೇ ವಾರಗಳಲ್ಲಿ ಆರೈಕೆ ಮಾಡುವವಳೂ ಹೋಗಬೇಕು, ಹೋಗಲಾರಳು. ಅವಳ ಬದಲಿಗೆ ಕೂರಬಲ್ಲವರೂ ಹೊಲದಲ್ಲೇ ಇರುತ್ತಾರೆ. ಶಾಲೆಯ ಹುಡುಗಿ ಮನೆಯಲ್ಲಿ ಉಳಿಯುವುದು ಆಗಲೇ. ಹಾಗಾಗಿ ‘ಬದಲಿ ಕೈ’ಯ ಏರ್ಪಾಡು ಹಂಗಾಮು ನೋಡಿ ಆಗಬೇಕು. ಅದಕ್ಕೊಂದು ಮಾದರಿ ನಮ್ಮ ಪಂಚಾಯಿತಿಗಳಲ್ಲೇ ಇದೆ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 2023-24ರ ಬಜೆಟ್ಟಿನಲ್ಲಿ ರಾಜ್ಯದ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಪ್ರಕಟವಾಯಿತು. ಊರಿನ ಹೆಂಗಸರೇ ತರಬೇತಿ ಪಡೆದು ಅಲ್ಲಿ ಕೂಸುಗಳನ್ನು ನೋಡಿಕೊಳ್ಳುತ್ತಾರೆ. ತಾಯಿ ದುಡಿಯಬೇಕಾದರೆ ಅವಳ ಕೂಸನ್ನು ಯಾರಾದರೂ ಹಿಡಿಯಬೇಕು ಎಂಬುದನ್ನು ಪಂಚಾಯಿತಿ ಒಪ್ಪಿದೆ. ಮಾವನಿಗೂ ಅತ್ತೆಗೂ ಇದೇ ತತ್ವ ಅನ್ವಯಿಸುತ್ತದೆ. ಹಾಸಿಗೆ ಹಿಡಿದವರನ್ನು ಹೊತ್ತು ತರಲಾಗದು ನಿಜ. ಆದ್ದರಿಂದ ಅಲ್ಲಿ ಮನೆಗೆ ಹೋಗಿ ನಾಲ್ಕು ತಾಸು ಕೂರುವ, ತರಬೇತಿ ಪಡೆದ, ಕೂಲಿ ಪಡೆಯುವ ಒಬ್ಬಾಕೆ ಬೇಕು.

ತರಬೇತಿ ಎಂಬ ಮಾತನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಮನೆಯವರ ಕೈಗೆ ಸಿಗುವುದು ಮಾತ್ರೆಯ ಚೀಟಿ, ಕಲಿಕೆ ಅಲ್ಲ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಟೊಂಕ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಮಲಗಿದಲ್ಲೇ ಗಂಜಿ ಕುಡಿಸಿದರೆ ಶ್ವಾಸನಾಳಕ್ಕೆ ಇಳಿಯಬಹುದು. ಬಿದ್ದುಹೋದ ತೋಳನ್ನು ಹಿಡಿದು ಎಳೆದು ಎಬ್ಬಿಸಿದರೆ ಭುಜದ ಕೀಲು ಜಾರಬಹುದು. ಎತ್ತುವಾಗ ಮಂಡಿ ಬಾಗಿಸದೆ ಸೊಂಟ ಬಾಗಿಸಿದರೆ ಎತ್ತುವವಳ ಸೊಂಟವೇ ಹೋಗುತ್ತದೆ. ಇವು ಅರ್ಧ ದಿನದಲ್ಲಿ ಕಲಿಸಬಹುದಾದ ಸಂಗತಿಗಳು, ಕಲಿಯದಿದ್ದರೆ ಜೀವಕ್ಕೇ ಕುತ್ತು. ಮನೆಮಂದಿಗೆ ಕಲಿಸುವುದಕ್ಕೆ ನಮ್ಮ ದೇಶದಲ್ಲೇ ಹಳೆಯ ಮಾದರಿ ಇದೆ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡು, ಕಾಯಿಲೆಯ ಬಗೆ, ನೋಡಿಕೊಳ್ಳುವ ಬಗೆ ತಿಳಿಸಿಕೊಟ್ಟರು. ಕಲಿಕೆ ಹಳ್ಳಿಯ ಹತ್ತಿರವೂ ಬಂದಿದೆ: 1985ರ ಹೊತ್ತಿಗೆ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಪ್ರಯೋಗಕ್ಕಿಳಿದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಕಲ್ಯಾಣ ಕರ್ನಾಟಕದ ಆ ಜಿಲ್ಲೆ. ಕೇರಳ 2008ರಲ್ಲಿ ಉಪಶಾಮಕ ಆರೈಕೆಯ ನೀತಿ ತಂದು, ನರ್ಸ್ ಮನೆಮನೆಗೆ ಹೋಗುವ ಕೆಲಸವನ್ನು ಪಂಚಾಯಿತಿಗಳಿಗೆ ಒಪ್ಪಿಸಿತು. ತಮಿಳುನಾಡು 2021ರಿಂದ ಫಿಸಿಯೋಥೆರಪಿಯನ್ನೂ ಮನೆಬಾಗಿಲಿಗೆ ಕಳಿಸುತ್ತಿದೆ. ಯಾದಗಿರಿಯಲ್ಲಿ ಈಗ ವೈದ್ಯಕೀಯ ಕಾಲೇಜಿದೆ. ವೈದ್ಯಕೀಯ ವಿದ್ಯಾರ್ಥಿಗಳು ಓದಿನ ಭಾಗವಾಗಿ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಭೇಟಿ ಮಾಡುತ್ತಿರಬೇಕೆಂಬ ನಿಯಮವೂ ಬಂದಿದೆ. ಆ ಕುಟುಂಬಗಳನ್ನು ಆರಿಸುವಾಗ ಹಾಸಿಗೆ ಹಿಡಿದವರಿರುವ ಮನೆಗಳಿಗೆ ಮೊದಲ ಸ್ಥಾನ ಕೊಟ್ಟರೆ ಹೆಚ್ಚುವರಿ ಖರ್ಚು ಏನೂ ಇಲ್ಲ. ವಿದ್ಯಾರ್ಥಿಗೂ ಪುಸ್ತಕದಲ್ಲಿಲ್ಲದ್ದು ಕಣ್ಣಿಗೆ ಬೀಳುತ್ತದೆ.

ಫೋನ್ ಎಲ್ಲರ ಕೈಗೂ ಬಂದಿರುವಾಗ ಹೊಸ್ತಿಲಿನ ಮಾತೇಕೆ ಎಂದು ಕೇಳುವವರಿದ್ದಾರೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416, ಹಿರಿಯರ ಸಹಾಯವಾಣಿ 14567 ಈ ಎರಡು ಸಂಖ್ಯೆಗಳನ್ನು ಪ್ರತಿ ಮನೆಯ ಗೋಡೆಯ ಮೇಲೆ ಬರೆಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ರಾತ್ರಿ ಮನಸ್ಸು ಕುಸಿದಾಗ ಯಾರೋ ಒಬ್ಬರು ಕನ್ನಡದಲ್ಲಿ ಮಾತಾಡುವುದು ಸಣ್ಣ ಉಪಕಾರವಲ್ಲ. ಆದರೆ ಫೋನು ಮಗ್ಗುಲು ಹೊರಳಿಸುವುದಿಲ್ಲ, ಅರ್ಜಿಗೆ ಸಹಿ ಹಾಕಿಸುವುದಿಲ್ಲ. ಅಕ್ಷರ ಬಾರದ ಅಜ್ಜಿಗೆ ಅಂತರ್ಜಾಲದ ಅರ್ಜಿ ಎಂದರೆ ಪೇಟೆಯ ಅಂಗಡಿಯವನಿಗೆ ಕೊಡಬೇಕಾದ ಇನ್ನೊಂದು ಐವತ್ತು ರೂಪಾಯಿ.

ಈ ಕೆಲಸ ಮಾಡುವವರು ಯಾರು ಎಂಬುದೇ ಕೊನೆಗೆ ಉಳಿಯುವ ಕಠಿಣ ಪ್ರಶ್ನೆ. ಆಶಾ ಕಾರ್ಯಕರ್ತೆಯರ ಹೆಗಲಿಗೆ ಹಾಕುವುದು ಎಲ್ಲರಿಗೂ ತೋಚುವ ದಾರಿ, ನಾನು ಅದನ್ನು ಒಪ್ಪುವುದಿಲ್ಲ. ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಬೀದಿಯಲ್ಲಿ ರಾತ್ರಿ ಕಳೆದವರು ಅವರು. ಆಶಾ ಕೂಡ ಒಂದು ಮನೆಯ ಸೊಸೆ. ಅವಳ ಮನೆಯಲ್ಲೂ ಹಾಸಿಗೆ ಹಿಡಿದವರಿರಬಹುದು. ಒಬ್ಬ ಹೆಂಗಸಿನ ಪುಕ್ಕಟೆ ದುಡಿಮೆಯ ಭಾರವನ್ನು ಇನ್ನೊಬ್ಬ ಹೆಂಗಸಿನ ಅರೆಕೂಲಿಯ ದುಡಿಮೆಗೆ ದಾಟಿಸಿದರೆ ಏನನ್ನೂ ಬಗೆಹರಿಸಿದಂತಾಗುವುದಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಇನ್ನೊಬ್ಬರಿದ್ದಾರೆ, ಹೆಚ್ಚು ಜನರ ಗಮನಕ್ಕೆ ಬಾರದವರು: ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಆಡುಮಾತಿನ ವಿಆರ್‌ಡಬ್ಲ್ಯು. ಅವರೂ ವಿಕಲಚೇತನರೇ; ಊರಿನ ವಿಕಲಚೇತನರ ಪಟ್ಟಿ ಇಟ್ಟು, ಕಾರ್ಡು, ಮಾಸಾಶನಗಳಿಗೆ ಓಡಾಡುವುದು ಅವರ ಕೆಲಸ. ತಾಲ್ಲೂಕಿನಲ್ಲಿ ಅವರ ಮೇಲೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಎಂಆರ್‌ಡಬ್ಲ್ಯು. ವಿಆರ್‌ಡಬ್ಲ್ಯುಗಳಿಗೆ ಈ ಕೆಲಸ ಒಪ್ಪಿಸುವುದಾದರೆ ಅವರ ಗೌರವಧನವೂ ಏರಬೇಕು, ಕೆಲಸವೂ ಕಾಯಂ ಆಗಬೇಕು. ಅದನ್ನು ಬಿಟ್ಟು ಹೊಸ ಹೊಣೆ ಹೊರಿಸುವಂತಿಲ್ಲ. ದುಡ್ಡು ಎಲ್ಲಿಂದ ಎಂದರೆ, ಪಂಚಾಯಿತಿಯ ಅನುದಾನದಲ್ಲಿ ವಿಕಲಚೇತನರಿಗಾಗಿ ಶೇ 5 ಮೀಸಲಿದೆ. ಬದಲಿ ಕೈಯ ಹಂಗಾಮಿನ ಕೂಲಿಗೆ ಅದರಲ್ಲೇ ಒಂದು ಪಾಲು ತೆಗೆದಿಡಬಹುದು. ಅದು ಸಾಲದೆಂದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. 2023-24ರ ಬಜೆಟ್ಟು ಅದಕ್ಕೆ ತೋರಿಸಿದ್ದು 5,000 ಕೋಟಿ ರೂಪಾಯಿ. ಸಂವಿಧಾನದ 371-ಜೆ ವಿಧಿಯಿಂದ ಈ ಸೀಮೆಗೆ ಬಂದ ದುಡ್ಡು ರಸ್ತೆ, ಕಟ್ಟಡಗಳಿಗೆ ಹೋಗುವುದು ಬೇಡ ಎನ್ನುತ್ತಿಲ್ಲ. ಆ ರಸ್ತೆಯ ಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ವಾರಕ್ಕೊಮ್ಮೆ ಸುರಪುರದ ಕಡೆಯ ಕೆಂಭಾವಿಗೂ ಕಕ್ಕೇರಾಕ್ಕೂ ಬಂದರೆ ರಸ್ತೆಯ ಬೆಲೆಯೂ ಹೆಚ್ಚುತ್ತದೆ.

ಆರೈಕೆ ಮಾಡುವವರಿಗೆ ದುಡ್ಡು ಕೊಟ್ಟರೆ ನೋಡಿಕೊಳ್ಳದವರೂ ಕೈ ಚಾಚುತ್ತಾರೆ ಎಂಬ ಭಯ ಆಡಳಿತದವರದು. ನಗರದ ಅಪಾರ್ಟ್‌ಮೆಂಟಿನಲ್ಲಿ ಅದು ನಿಜವಿರಬಹುದು. ನಾಲ್ಕುನೂರು ಮನೆಯ ಊರಿನಲ್ಲಿ ಯಾರ ಮನೆಯ ಅಜ್ಜನಿಗೆ ಯಾರು ಉಣಿಸುತ್ತಾರೆ ಎಂಬುದು ನೀರಿನ ಟ್ಯಾಂಕಿನ ಹತ್ತಿರ ನಿಂತವರಿಗೆಲ್ಲ ಗೊತ್ತು. ಗ್ರಾಮಸಭೆಯಲ್ಲಿ ಹೆಸರು ಓದಿಸಿದರೆ ಸುಳ್ಳು ಅಲ್ಲೇ ಬಯಲಾಗುತ್ತದೆ. ಹಾಗೆ ಓದಲು ಮೊದಲು ಹೆಸರು ಬರೆದಿರಬೇಕು. ವಿಆರ್‌ಡಬ್ಲ್ಯು ಇಟ್ಟಿರುವ ಪಟ್ಟಿಯಲ್ಲಿ ಇನ್ನೆರಡು ಅಂಕಣ ಗೆರೆ ಎಳೆಯುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಬೆಂಗಳೂರಿನ ಆದೇಶವನ್ನೂ ಕಾಯಬೇಕಿಲ್ಲ. ಮೊದಲನೆಯದರಲ್ಲಿ ನೋಡಿಕೊಳ್ಳುವವರ ಹೆಸರು, ವಯಸ್ಸು, ಶಾಲೆಗೆ ಹೋಗುವವರೇ ಎಂಬುದು. ಎರಡನೆಯದರಲ್ಲಿ, ಅವರು ಮನೆ ಬಿಟ್ಟು ಹೊರಗೆ ಹೋಗಿ ಎಷ್ಟು ದಿನವಾಯಿತು ಎಂಬುದು. ಈ ವರ್ಷ ಹತ್ತಿ ಬಿಡಿಸುವುದು ಶುರುವಾಗುವ ಮೊದಲು ಆ ಎರಡು ಅಂಕಣಗಳನ್ನು ತುಂಬಿಸಬಹುದು.